ನವೀನನ ಅಳತೆ

ರಾಗಿಗುಡ್ಡ, ಶಿವಮೊಗ್ಗ
16-9-2003, ಮಂಗಳವಾರ

ಅಮ್ಮಾ,

ನಾನು ಚೆನ್ನಾಗಿದ್ದೇನೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಪೋಸ್ಟ್‌ಮ್ಯಾನ್ ಕೈಯಲ್ಲಿ ನನ್ನ ಅಕ್ಷರ ಕಂಡ ಕೂಡಲೇ ನೀನು ಕಟ್ಟೆಯ ಮೇಲೆ ಕುಸಿದು ಕೂರುತ್ತೀಯ. ಜ್ವರವಿಲ್ಲ, ಕೆಮ್ಮಿಲ್ಲ, ನೀನು ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ.

ಜನ್ನಾಪುರಕ್ಕೆ ಒಂದು ಬಸ್ಸು ಹತ್ತಿದರೆ ಸಾಕು, ಅದು ಬಿಟ್ಟು ಕಾಗದ ಬರೆಯುತ್ತಾಳೆ ಎಂದು ನೀನು ಬೈಯುವುದು ಇಲ್ಲಿಗೇ ಕೇಳಿಸುತ್ತಿದೆ. ಎದುರಿಗೆ ಬಂದು ಕೂತರೆ ನೀನು ನನ್ನ ಜಡೆ ಬಿಚ್ಚಿ ಎಣ್ಣೆ ಹಚ್ಚಲು ಶುರು ಮಾಡುತ್ತೀಯ. ನಿನ್ನ ಬೆರಳು ತಲೆಗೆ ತಾಗಿತೆಂದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೇ ಕಾಗದ.

ಇವತ್ತು ಸಫಾರಿಗೆ ವಾರದ ರಜೆ. ವ್ಯಾನಿನಲ್ಲಿ ಮೈಕ್ ಹಿಡಿದು ಜನರಿಗೆ ಹುಲಿ ತೋರಿಸುವ ಕೆಲಸಕ್ಕೆ ಸೇರಿ ವರ್ಷವಾಗುತ್ತ ಬಂತು. ಶಂಕರಘಟ್ಟದಲ್ಲಿ ಎಂ.ಎ. ಮಾಡಿದವಳು ಹುಲಿ ತೋರಿಸುತ್ತಾಳೆ ಎನ್ನಲು ನಿನಗೆ ನಾಚಿಕೆ. ಅಕ್ಕಪಕ್ಕದವರಿಗೆಲ್ಲ ‘ಫಾರೆಸ್ಟ್ ಆಫೀಸಲ್ಲಿದಾಳೆ’ ಎಂದು ಹೇಳಿಟ್ಟಿದ್ದೀಯ. ಕ್ಲಾಸಿನಲ್ಲಿ ಎದ್ದುನಿಂತು ಒಂದು ಪದ್ಯ ಓದಲು ಬೆವರುತ್ತಿದ್ದವಳು ನಾನು. ಮೊದಲ ದಿನ ಮೈಕಿನಲ್ಲಿ ನನ್ನ ಧ್ವನಿಗಿಂತ ಉಸಿರೇ ಜಾಸ್ತಿ ಕೇಳಿಸಿತಂತೆ. ಹುಲಿಗಳಿಗೆ ಮಾಂಸ ಹಾಕುವ ಕೆಂಚಪ್ಪ ಡ್ರೈವರ್ ಪಕ್ಕದಲ್ಲಿ ಕೂತಿದ್ದವನು ತಿರುಗಿ ನೋಡಿ, ‘ಏನ್ ಮಾರಾಯ್ತಿ, ಹೆದರ್ಕೊಬೇಕಾಗಿರೋದು ಅವರು. ನೀನ್ಯಾಕೆ ನಡುಗ್ತಿದೀಯಾ?’ ಎಂದ. ವ್ಯಾನಿಗೆ ವ್ಯಾನೇ ನಕ್ಕಿತು. ಆಮೇಲೆ ಸರಿಹೋಯಿತು. ಜನ ನನ್ನನ್ನು ನೋಡುವುದಿಲ್ಲ, ಹುಲಿಯನ್ನು ನೋಡುತ್ತಾರೆ. ಯಾರ ಕಣ್ಣಿಗೂ ಬೀಳದೆ ಮಾತಾಡುವ ಇಂಥ ಕೆಲಸ ನನಗೆ ಬೇರೆಲ್ಲೂ ಸಿಗುತ್ತಿರಲಿಲ್ಲ.

ಚಂಪಾ ಎಂಬ ಹುಲಿಯನ್ನು ನೀನೂ ನೋಡಿದ್ದೀಯ. ಸಂಕ್ರಾಂತಿ ರಜೆಯಲ್ಲಿ ಬಂದಿದ್ದೆಯಲ್ಲ, ನಮ್ಮ ಹಿಂದಿನ ಕೋಣೆಯಲ್ಲಿ ಬಾಡಿಗೆಗಿರುವ ಮಲ್ಲೇಶನನ್ನು ಕರೆದುಕೊಂಡು. ನೀನು ಕಿಟಕಿ ಪಕ್ಕ ಅವನನ್ನು ಕೂರಿಸಿ, ‘ಕೈ ಹೊರಗೆ ಹಾಕ್ಬೇಡ’ ಎಂದು ನಾಲ್ಕು ಸಲ ಹೇಳಿದೆ. ಎರಡು ಮರಿಗಳು ತಾಯಿಯ ಬಾಲ ಹಿಡಿದು ಆಡುತ್ತಿದ್ದವು. ಹಿಂದಿನ ಸೀಟಿನ ಹೆಂಗಸೊಬ್ಬಳು, ‘ಮೇಡಂ, ಮರಿ ಸತ್ತೋದ್ರೆ ಇವು ಅಳ್ತಾವಾ?’ ಎಂದು ಕೇಳಿದಳು. ನನಗೆ ನಿನ್ನ ಮುಖ ನೋಡಲು ಆಗಲಿಲ್ಲ. ಕೆಂಚಪ್ಪ ಮುಂದೆ ನೋಡುತ್ತಲೇ, ‘ಹೇಳು, ಇದ್ದಿದ್ದು ಇದ್ದಂಗೆ ಹೇಳು’ ಎಂದ. ಹೇಳಿದೆ. ಚಂಪಾಗೆ ಹುಟ್ಟಿದ್ದು ಮೂರು. ಒಂದು ಕಣ್ಣು ಬಿಡುವ ಮೊದಲೇ ಸತ್ತಿತು. ತಾಯಿ ಇಡೀ ದಿನ ಅದನ್ನು ನೆಕ್ಕಿತು. ಮರುದಿನ ನೋಡಿದರೆ ಮರಿ ಇರಲಿಲ್ಲ. ತಿಂದುಬಿಟ್ಟಿತ್ತು.

ವ್ಯಾನಿನಲ್ಲಿ ಎಲ್ಲರೂ ಥೂ, ಶಿವಶಿವಾ ಎಂದರು. ಆಮೇಲೆ ಗೇಟಿನ ಹೊರಗೆ ಕಬ್ಬಿನಹಾಲು ಕುಡಿಯುವಾಗ, ಯಾರೂ ಕೇಳದೆ ನೀನೇ ಹೇಳಿದೆ: ‘ಮತ್ತೆ ಎಲ್ಲಿಡುತ್ತೆ ಅದು? ಬಂದ ಜಾಗಕ್ಕೇ ವಾಪಸ್ ಇಟ್ಕೊಂಡಿದೆ. ಇವರಿಗೇನು ಗೊತ್ತು.’ ಹೇಳಿದವಳು ಪಕ್ಕಕ್ಕೆ ತಿರುಗಿ, ಸೆರಗಿನ ತುದಿಯಿಂದ ಮಲ್ಲೇಶನ ತುಟಿಯ ಮೇಲಿನ ನೊರೆ ಒರೆಸಿ, ‘ನೋಡೋ ನವೀನಾ, ಮೀಸೆಗೆಲ್ಲಾ ಹತ್ತಿದೆ’ ಎಂದೆ.

ಅವನ ಹೆಸರು ನವೀನ ಅಲ್ಲ, ಅಮ್ಮ. ಈ ಕಾಗದ ಹುಲಿಯ ವಿಷಯಕ್ಕಲ್ಲ, ಆ ಹೆಸರಿನ ವಿಷಯಕ್ಕೆ. ಎರಡು ಪುಟ ಹುಲಿಯ ಹಿಂದೆ ಅಡಗಿಕೊಂಡೆ, ಇನ್ನು ಆಗುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಆದರೆ ಅದೆಲ್ಲ ನನ್ನ ಕಡೆಯಿಂದ ಹೇಗೆ ಕಂಡಿತು ಎಂದು ನೀನು ಯಾವತ್ತೂ ಕೇಳಿಲ್ಲ.

ನವೀನ ನನಗಿಂತ ಸ್ವಲ್ಪ ಹೊತ್ತು ಮೊದಲು ಹುಟ್ಟಿದವನು. ನಾಲ್ಕು ವರ್ಷಕ್ಕೆ ಇಬ್ಬರಿಗೂ ದಡಾರ ಬಂತು. ಬೇವಿನ ಸೊಪ್ಪಿನ ಮೇಲೆ ನಮ್ಮಿಬ್ಬರನ್ನೂ ಪಕ್ಕಪಕ್ಕ ಮಲಗಿಸಿದ್ದೆಯಂತೆ. ನಾನು ಎದ್ದೆ, ಅವನು ಏಳಲಿಲ್ಲ. ನನಗೆ ಅವನ ಮುಖ ನೆನಪಿಲ್ಲ, ಆ ಬೇವಿನ ವಾಸನೆ ಮಾತ್ರ ಇದೆ. ಅದು ಕೂಡ ನೀನು ಹೇಳಿದ್ದರಿಂದ ಬಂದದ್ದೋ ಏನೋ.

ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿ ಸತ್ತವರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಾಕುವುದು ಎಲ್ಲರ ಮನೆಯಲ್ಲೂ ಇದೆ. ಅವನು ತೀರಿಕೊಂಡ ವರ್ಷ ನೀನು ಅವನಿಗೊಂದು ಪುಟ್ಟ ಶರಟು ಇಟ್ಟೆ. ಮುಂದಿನ ವರ್ಷ ಅದಕ್ಕಿಂತ ಸ್ವಲ್ಪ ದೊಡ್ಡದು. ಹಬ್ಬದ ಮುಂಚೆ ನನ್ನನ್ನು ಟೈಲರ್ ಭೂತಪ್ಪನ ಅಂಗಡಿಗೆ ಕರೆದೊಯ್ದು, ‘ಇವಳ ಅಳತೇನೇ ತಗೋ, ಇಬ್ರೂ ಒಂದೇ ಎತ್ತರ’ ಎನ್ನುತ್ತಿದ್ದೆ. ಇಬ್ಬರೂ ಇದ್ದಾರೆ ಎನ್ನುವ ಹಾಗೆ ಹೇಳುತ್ತಿದ್ದೆ. ಆ ತಣ್ಣನೆಯ ಟೇಪು ನನ್ನ ಭುಜದ ಮೇಲೆ, ತೋಳಿನ ಮೇಲೆ ಓಡುವಾಗ ಅದು ನನ್ನನ್ನು ಅಳೆಯುತ್ತಿಲ್ಲ, ನನ್ನೊಳಗೆ ನಿಂತಿರುವ ಇನ್ನೊಬ್ಬನನ್ನು ಅಳೆಯುತ್ತಿದೆ ಎನಿಸುತ್ತಿತ್ತು. ಅಲುಗಾಡಿದರೆ ಅವನಿಗೆ ಶರಟು ಬಿಗಿಯಾಗುತ್ತದೆ ಎಂದು ಉಸಿರು ಹಿಡಿದು ನಿಲ್ಲುತ್ತಿದ್ದೆ.

ಎಡೆಗಿಟ್ಟ ಬಟ್ಟೆಯನ್ನು ಮನೆಯವರು ಯಾರಾದರೂ ಉಡಲೇಬೇಕಲ್ಲ. ನಾನೇ ಹಾಕಿಕೊಳ್ಳುತ್ತಿದ್ದೆ. ನೀನು ಕಾಲರಿನ ಹತ್ತಿರ ಮೂಗಿಟ್ಟು ಮೂಸುತ್ತಿದ್ದೆ. ಒಂದು ಸಲ ಅಪ್ಪ, ‘ಬಿಡೇ, ಮಗು ಹೆದರುತ್ತೆ’ ಎಂದರು. ನಾನು ಹೆದರಿರಲಿಲ್ಲ. ಆ ಹೊತ್ತು ನೀನು ಅಷ್ಟು ಹತ್ತಿರ ಬರುತ್ತೀಯ ಎಂದು ವರ್ಷವಿಡೀ ಕಾಯುತ್ತಿದ್ದೆ.

ಹೈಸ್ಕೂಲು ಸೇರಿದ ವರ್ಷ ಭೂತಪ್ಪ ನನ್ನ ಮುಂದೆ ಟೇಪು ಹಿಡಿದು ನಿಂತವನು ಹಾಗೇ ಕೆಳಗಿಟ್ಟ. ‘ಇನ್ಮೇಲೆ ಈ ಅಳತೆಗೆ ಗಂಡ್ ಶರಟು ಕೂರಲ್ಲ ಜಲಜಕ್ಕಾ. ಹುಡುಗಿ ದೊಡ್ಡೋಳಾದ್ಲು’ ಎಂದ. ಅಂಗಡಿಯಲ್ಲಿ ಇದ್ದವರೆಲ್ಲ ನನ್ನನ್ನು ನೋಡಿದರು. ನೀನೂ ನೋಡಿದೆ, ಅಮ್ಮ. ಏನನ್ನೋ ಕದ್ದು ಸಿಕ್ಕಿಬಿದ್ದವಳನ್ನು ನೋಡುವಂತೆ ನನ್ನನ್ನು ನೋಡಿದೆ. ಆವತ್ತಿನಿಂದ ನೀನು ಸಂಜೆ ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತು, ಹೊರಬರುವ ಗಂಡುಹುಡುಗರನ್ನು ನೋಡಿ ಅಂದಾಜಿನ ಮೇಲೆ ಹೊಲಿಸತೊಡಗಿದೆ. ‘ಈ ವರ್ಷ ಇಷ್ಟೆತ್ತರ ಆಗಿರ್ತಾನೆ’ ಎಂದು ಗಾಳಿಯಲ್ಲಿ ಕೈ ಇಟ್ಟು ತೋರಿಸುತ್ತಿದ್ದೆ. ನಾನು ಕಾಲೇಜು ಸೇರಿದ ವರ್ಷ ಅಪ್ಪ ತೀರಿಕೊಂಡರು. ಅಪ್ಪನಿಗೆ ಪ್ರತಿ ವರ್ಷ ಅದೇ ಪಂಚೆ, ಅದೇ ಟವೆಲ್ಲು. ಬೆಳೆಯುತ್ತಿದ್ದವನು ಅವನೊಬ್ಬನೇ.

ನಾನಂತೂ ಬೆಳೆಯಲಿಲ್ಲ. ನಾನು ಬಿ.ಎ. ಓದುವಾಗಲೂ ನೀನು ಮೀನಿನ ಮುಳ್ಳು ತೆಗೆದು ನನ್ನ ತಟ್ಟೆಗೆ ಹಾಕುತ್ತಿದ್ದೆ, ರೈಲ್ವೆ ಗೇಟು ದಾಟುವಾಗ ನನ್ನ ಕೈ ಹಿಡಿಯುತ್ತಿದ್ದೆ. ನಮ್ಮ ಮನೆಯಲ್ಲಿ ಸತ್ತವನು ದೊಡ್ಡವನಾಗುತ್ತಿದ್ದ, ಬದುಕಿದವಳು ನಾಲ್ಕು ವರ್ಷದವಳಾಗಿಯೇ ಇದ್ದೆ.

ಇನ್ನು ಎರಡು ವರ್ಷದ ಹಿಂದಿನ ಹಬ್ಬ. ಎಡೆ ಹಾಕಿ, ಧೂಪ ಹಾಕಿ, ‘ನವೀನಾ, ಬಾರೋ ಊಟಕ್ಕೆ’ ಎಂದು ನೀನು ಯಾವತ್ತಿನಂತೆ ಕರೆದೆ. ಹಿರಿಯರು ಬಂದು ಉಣ್ಣಲೆಂದು ಮುಂಬಾಗಿಲು ಮುಂದೆ ಮಾಡಿ ನಾವಿಬ್ಬರೂ ಹೊರಗೆ ನಿಂತೆವು. ಒಳಗಿನಿಂದ ತಟ್ಟೆ ಸರಿದಂಥ ಸದ್ದಾಯಿತು. ನೀನು ನನ್ನ ಮಣಿಕಟ್ಟು ಹಿಡಿದುಕೊಂಡೆ. ಹಿರಿಯರಿಗೆ ಸುಳಿವು ಸಿಗಲೆಂದು ಕೆಮ್ಮಿ, ಬಾಗಿಲು ತೆಗೆದರೆ, ಹೊಗೆಯ ನಡುವೆ ಎಡೆಯ ಮುಂದೆ ಒಬ್ಬ ನಿಂತಿದ್ದ. ನವೀನನಿಗೆ ಎಷ್ಟಾಗಬೇಕಿತ್ತೋ ಅಷ್ಟೇ ವಯಸ್ಸು.

ಹಿಂದಿನ ಕೋಣೆಗೆ ಬಾಡಿಗೆಗೆ ಬಂದು ಆಗಷ್ಟೇ ಒಂದು ವಾರವಾಗಿತ್ತು ಮಲ್ಲೇಶನಿಗೆ. ಚನ್ನಗಿರಿ ಕಡೆಯ ಹುಡುಗ, ಫೌಂಡ್ರಿಯಲ್ಲಿ ಕೆಲಸ. ಹೆಸರು ಸರಿಯಾಗಿ ಕೇಳಿಸದೆ, ಯಾರನ್ನೋ ಊಟಕ್ಕೆ ಕರೆದದ್ದಷ್ಟೇ ಕೇಳಿ ತನ್ನನ್ನೇ ಎಂದುಕೊಂಡು ಹಿತ್ತಲ ಬಾಗಿಲಿಂದ ಒಳಗೆ ಬಂದಿದ್ದಾನೆ. ‘ಕರೆದ್ರಲ್ಲಾ ಅಮ್ಮಾ?’ ಎಂದ, ಪಾಪ. ಅವರ ಮನೆಯಲ್ಲಿ ಈ ಹಬ್ಬವನ್ನು ದೀಪಾವಳಿಯಲ್ಲಿ ಮಾಡುತ್ತಾರಂತೆ, ಬಾಗಿಲು ಮುಚ್ಚುವ ಪದ್ಧತಿಯೂ ಇಲ್ಲವಂತೆ. ನೀನು ಎಡೆಯ ಮೇಲಿನ ಶರಟು ತೆಗೆದು ಅವನ ಕೈಗೆ ಕೊಟ್ಟು ‘ಹಾಕ್ಕೋ’ ಎಂದೆ. ಅಂದಾಜಿನ ಮೇಲೆ ಹೊಲಿಸಿದ ಶರಟು. ಭುಜ, ತೋಳು, ಕಾಲರು, ಎಲ್ಲವೂ ಸರಿಯಾಗಿ ಕೂತಿತು. ಗುಂಡಿ ಹಾಕಿಕೊಳ್ಳುತ್ತ ಅವನು ನನ್ನ ಕಡೆ ನೋಡಿ ನಕ್ಕ.

ಅಲ್ಲಿಂದ ಅವನು ನವೀನನಾದ. ಒಳ್ಳೆಯವನು ಅಮ್ಮ, ಅದಕ್ಕೇ ಬೇಡ ಎನ್ನಲಿಲ್ಲ. ‘ಕರೀಲಿ ಬಿಡು, ಕರೆದ್ರೆ ನನ್ ಗಂಟೇನು ಹೋಗುತ್ತೆ’ ಎಂದ. ಒಂದು ಸಲ ನನಗೆ, ‘ನಿಮ್ಮಮ್ಮ ಎರಡು ಸಲ ಬಡಿಸ್ತಾರೆ ಮಾರಾಯ್ತಿ, ನಂದೊಂದು ಪಾಲು, ಅವನದೊಂದು ಪಾಲು. ಈ ಹೊಟ್ಟೆ ಬಂದಿರೋದು ಅವನ ಪಾಲಿಂದು’ ಎಂದು ಹೊಟ್ಟೆ ತಟ್ಟಿ ತೋರಿಸಿದ. ನನಗೆ ನಗು ಬಂತು. ನವೀನನ ಮಾತೆತ್ತಿ ನಮ್ಮ ಮನೆಯಲ್ಲಿ ನಕ್ಕದ್ದು ಅದೇ ಮೊದಲು. ನಕ್ಕಮೇಲೆ ಅಳುವೂ ಬಂತು. ಮಲ್ಲೇಶ ಪಕ್ಕದಲ್ಲೇ ಕೂತಿದ್ದ.

ಅವನ ತಾಯಿ ಉಚ್ಚಂಗಮ್ಮ ಯುಗಾದಿಗೆ ಬಂದದ್ದು ನೆನಪಿದೆಯಲ್ಲ. ನೀನು ‘ನವೀನಾ, ನಿಮ್ಮಮ್ಮಂಗೆ ಚಾಪೆ ಹಾಸೋ’ ಎಂದಾಗ ಆ ಹೆಂಗಸು ಕೂತಲ್ಲಿಂದ ಎದ್ದರು. ‘ಅವನಿಗೆ ನಾನಿಟ್ಟ ಹೆಸರೈತೆ ತಾಯಿ. ಹೆತ್ತು ಇಟ್ಟಿದ್ದು’ ಎಂದರು. ನಿನಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಹೋಗುವಾಗ ಬಸ್‌ಸ್ಟ್ಯಾಂಡಿನಲ್ಲಿ ಮಗನಿಗೆ, ‘ಸತ್ತೋನ ಅಂಗಿ ಹಾಕ್ಕಂಡು ನನ್ನ ಕಣ್ಣಿಗೆ ಬೀಳಬ್ಯಾಡ’ ಎಂದರಂತೆ. ಊರಿಗೆ ಹೋಗುವಾಗ ಅವನು ಆ ಶರಟುಗಳನ್ನು ಕೋಣೆಯಲ್ಲೇ ಬಿಟ್ಟು ಹೋಗುತ್ತಾನೆ. ಬಂದಮೇಲೆ ನಿನಗಾಗಿ ಮತ್ತೆ ಹಾಕಿಕೊಳ್ಳುತ್ತಾನೆ. ಹೀಗೆ ಎರಡು ಮನೆಯ ನಡುವೆ ಒಬ್ಬ ಮನುಷ್ಯ ಬಟ್ಟೆ ಬದಲಿಸುತ್ತಿದ್ದಾನೆ.

ಈಗ ನಾನು ಅವನನ್ನು ಮದುವೆಯಾಗಬೇಕು ಎಂದಿದ್ದೇನೆ. ಹೋದ ತಿಂಗಳು ನಿನಗೆ ಹೇಳಿದೆ. ನೀನು ರೊಟ್ಟಿ ತಟ್ಟುತ್ತಿದ್ದೆ. ಬೈಯುತ್ತೀಯ, ಅಳುತ್ತೀಯ, ಹೊಡೆಯುತ್ತೀಯ ಎಂದೆಲ್ಲ ಲೆಕ್ಕ ಹಾಕಿಕೊಂಡು ಬಂದಿದ್ದೆ. ನೀನು ನಕ್ಕೆ. ಅಪ್ಪನ ಫೋಟೋ ಕಡೆ ತಿರುಗಿ, ‘ಕೇಳಿಸ್ಕೊಂಡ್ರಾ? ಒಡಹುಟ್ಟಿದೋನ್ನೇ ಮದುವೆ ಆಗ್ತಾಳಂತೆ ಇವಳು. ಇನ್ನೂ ಮಗು ಬುದ್ಧಿ’ ಎಂದು ರೊಟ್ಟಿ ತಿರುವಿ ಹಾಕಿದೆ. ನಮ್ಮ ಜಾತಿಯವನೇ, ಕೆಟ್ಟ ಚಾಳಿಯಿಲ್ಲ, ಮನೆಯವನಾಗಿಯೇ ಇದ್ದಾನೆ. ಬೇಡ ಎನ್ನಲು ನಿನಗೆ ಬೇರೆ ಕಾರಣವೇ ಇಲ್ಲ. ಇರುವ ಒಂದು ಕಾರಣವನ್ನು ನೀನೇ ಹೊಲಿಸಿದ್ದು.

ಆ ದಿನ ಬಸ್ಸಿನಲ್ಲಿ ಇಡೀ ದಾರಿ ಚಂಪಾಳನ್ನು ನೆನೆಸುತ್ತಿದ್ದೆ. ಅದರ ಮರಿಗಳನ್ನು ಬೇಸಿಗೆ ಕಳೆದಮೇಲೆ ಬೇರೆ ಆವರಣಕ್ಕೆ ಹಾಕಿದರು. ‘ಕಾಡಾಗಿದ್ರೆ ತಾನೇ ಹಲ್ಲು ತೋರ್ಸಿ ಓಡಿಸ್ತಿತ್ತು. ಇಲ್ಲಿ ಓಡಿಸೋಕೆ ಜಾಗ ಇಲ್ಲ, ಅದಕ್ಕೆ ನಾವು ಗೇಟ್ ಹಾಕ್ತೀವಿ’ ಎಂದ ಕೆಂಚಪ್ಪ. ಮರಿಗಳು ಕೆಲವು ದಿನ ಕೂಗಿದವು, ಚಂಪಾ ಓಗೊಟ್ಟಿತು. ಆಮೇಲೆ ನಿಂತಿತು. ಮೊನ್ನೆ ಗಂಡುಮರಿ ಜಾಲರಿಯ ಆಚೆ ಬಂದು ನಿಂತಿತ್ತು, ಈಗ ತಾಯಿಯಷ್ಟೇ ದೊಡ್ಡದಾಗಿದೆ. ಹಾಲು ಕುಡಿಸಿದ ತಾಯಿ ಅದನ್ನು ನೋಡಿ ಕಿವಿ ಹಿಂದಕ್ಕೆ ಮಾಡಿ ಗುರ್ ಎಂದಿತು. ‘ಈಗ ಅದಕ್ಕೆ ಇದು ಇನ್ನೊಂದು ಹುಲಿ ಅಷ್ಟೇ’ ಎಂದು ಕೆಂಚಪ್ಪ ಬಕೆಟ್ ಎತ್ತಿಕೊಂಡು ಹೋದ. ಹುಲಿಮರಿಗೆ ಬೇಟೆ ಕಲಿಯುವಷ್ಟು ಕಾಲ ತಾಯಿ ಬೇಕು. ಕಲಿತಮೇಲೆ ಅದು ತಾಯಿಗೆ ಅಪರಿಚಿತವಾಗುತ್ತದೆ. ಅದಕ್ಕೆ ಬೆಳೆಯುವುದೆಂದರೆ ಅದೇ. ಯಾರನ್ನೂ ಕೇಳಬೇಕಿಲ್ಲ, ಹೇಳಿ ಹೋಗಬೇಕಿಲ್ಲ.

ವ್ಯಾನಿನಲ್ಲಿ ಇದನ್ನು ಹೇಳಿದಾಗ ಜನ ಹುಲಿಯನ್ನು ಬೈಯುತ್ತಾರೆ. ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ. ನೀನು ಒಂದು ಸಲ ಹಲ್ಲು ತೋರಿಸಿದ್ದರೆ ನಾನು ಎಂದೋ ಹೊರಟುಹೋಗುತ್ತಿದ್ದೆ. ನವೀನನೂ ಹೋಗುತ್ತಿದ್ದನೇನೋ. ಆದರೆ ನಾವು ಹುಲಿಗಳಲ್ಲ. ನಮ್ಮಲ್ಲಿ ಮಕ್ಕಳು ಬೆಳೆದರು ಎನ್ನುವುದನ್ನು ತಾಯಿ ಬಾಯಿಬಿಟ್ಟು ಹೇಳಬೇಕು. ಮಕ್ಕಳು ಸತ್ತರು ಎನ್ನುವುದನ್ನೂ ಅಷ್ಟೇ. ಅದನ್ನು ನೀನು ಹೇಳುವವರೆಗೆ ನಾವಿಬ್ಬರೂ ಆ ಬೇವಿನ ಸೊಪ್ಪಿನ ಮೇಲೆಯೇ ಮಲಗಿದ್ದೇವೆ.

ಭಾನುವಾರ ರಜೆ ಹಾಕಿ ಜನ್ನಾಪುರಕ್ಕೆ ಬಂದಿದ್ದೆ. ಮನೆಗೆ ಬರಲಿಲ್ಲ, ಕ್ಷಮಿಸು. ಭೂತಪ್ಪನ ಅಂಗಡಿಗೆ ಹೋಗಿ, ಈ ಸಲ ನವೀನನಿಗೆ ನಾಲ್ಕು ವರ್ಷದ ಹುಡುಗನ ಶರಟು ಹೊಲಿದುಕೊಡು ಎಂದೆ. ಅವನು ಕನ್ನಡಕ ತೆಗೆದು ನನ್ನನ್ನು ನೋಡಿದ. ‘ಅಳತೆಗೆ ಯಾರ್ ಮಗೂನ ನಿಲ್ಲಿಸ್ಲಿ ಬಿಂದೂ? ನಿನ್ನ ನಿಲ್ಲಿಸಿದ್ದೇ ಸಾಕಾಗಿದೆ ನಂಗೆ. ಇನ್ನೊಂದು ಮಗೀನ ಮೈಗೆ ಆ ಟೇಪು ಇಡಲ್ಲ’ ಎಂದ. ಒಂದು ಲೋಟ ಟೀ ತರಿಸಿಕೊಟ್ಟ.

ಆ ಅಳತೆ ನಿನ್ನ ಕೈಗೊಂದೇ ಗೊತ್ತು, ಅಮ್ಮ. ಅವನನ್ನು ಎತ್ತಿಕೊಂಡ ಕೈ, ಸ್ನಾನ ಮಾಡಿಸಿದ ಕೈ. ಕಟ್‌ಪೀಸ್ ತಂದು, ಕೈಹೊಲಿಗೆಯಲ್ಲಾದರೂ ಸರಿ, ನೀನೇ ಒಂದು ಹೊಲಿ. ಅದನ್ನು ಅಪ್ಪನ ಪಂಚೆಯ ಪಕ್ಕ ಇಡು. ಅದನ್ನು ಯಾರೂ ಹಾಕಿಕೊಳ್ಳಲು ಆಗುವುದಿಲ್ಲ, ಹೊಳೆಗೆ ಬಿಟ್ಟುಬರೋಣ, ನಾನೂ ಬರುತ್ತೇನೆ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಮಲ್ಲೇಶನೂ ನಾನೂ ಮನೆಯ ಗೇಟಿನ ಹತ್ತಿರ ಬಂದು ನಿಲ್ಲುತ್ತೇವೆ. ಅವನು ತನ್ನ ಊರಿನ ಬಟ್ಟೆಯಲ್ಲಿ ಬರುತ್ತಾನೆ. ನೀನು ಬಾಗಿಲಿಗೆ ಬಂದು ಅವನನ್ನು ಕರೆಯಬೇಕು. ಮಲ್ಲೇಶ್ ಎಂದು ಕರೆದರೆ ಒಳಗೆ ಬಂದು ನಿನ್ನ ಕಾಲಿಗೆ ಬೀಳುತ್ತೇವೆ. ನವೀನ ಎಂದರೆ ಗೇಟಿನಿಂದಲೇ ತಿರುಗಿ ಚನ್ನಗಿರಿ ಬಸ್ಸು ಹತ್ತುತ್ತೇವೆ, ಮದುವೆ ಅವರ ಮನೆಯಲ್ಲಿ ಆಗುತ್ತದೆ. ಬೆದರಿಕೆ ಹಾಕುತ್ತಿಲ್ಲ. ನಿನಗೆ ಹೇಳದೆ ಹೋಗಬಹುದಿತ್ತು. ಹಾಗೆ ಹೋಗಲು ನನಗೆ ಬರುವುದಿಲ್ಲ.

ಕಾಗದ ಓದಿ ಮುಗಿಸಿದಮೇಲೆ ಸ್ವಲ್ಪ ಏನಾದರೂ ತಿನ್ನು. ಹಸಿದುಕೊಂಡು ಯೋಚನೆ ಮಾಡಬೇಡ.

ನಿನ್ನ ಮಗಳು,
ಬಿಂದುಶ್ರೀ

ಮತ್ತೆ: ಇಷ್ಟು ಬರೆದು ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಗೇಟಿನಿಂದಲೇ ತಿರುಗಿ ಹೋಗುತ್ತೇವೆ ಎಂದು ಧೈರ್ಯವಾಗಿ ಬರೆದಿದ್ದೇನೆ. ಅಷ್ಟು ಧೈರ್ಯ ನನಗಿಲ್ಲ. ಕಳೆದ ವಾರ ಅವನೂ ನಾನೂ ಗಾಜನೂರಿಗೆ ಹೋಗಿದ್ದೆವು. ಡ್ಯಾಮಿನಿಂದ ನೀರು ಬಿಟ್ಟಿದ್ದರು. ಅವನು ಕಲ್ಲಿನಿಂದ ಕಲ್ಲಿಗೆ ಹಾರುತ್ತ ನೀರಿನ ತೀರಾ ಹತ್ತಿರ ಹೋದ. ನನಗೆ ಗಾಬರಿಯಾಯಿತು, ಕೂಗಿದೆ. ಬಾಯಲ್ಲಿ ಬಂದದ್ದು ‘ನವೀನಾ, ಬಾರೋ.’ ಅವನು ತಿರುಗಿ ‘ಓ, ಬಂದೆ’ ಎಂದ, ಬಂದ. ಅವನಿಗೆ ಅದು ಗೊತ್ತೇ ಆಗಲಿಲ್ಲ. ಅಮ್ಮ, ಆ ಹೆಸರನ್ನು ಅವನ ಮೈಮೇಲಿಂದ ತೆಗೆಯಲು ನನ್ನ ಕೈಯಲ್ಲಿ ಆಗುತ್ತಿಲ್ಲ, ನೀನೇ ತೆಗೆಯಬೇಕು. ಯಾಕೆಂದರೆ ಆವತ್ತು ನಾನು ಕರೆದ ದನಿ ನನ್ನದಾಗಿರಲಿಲ್ಲ, ನಿನ್ನದಾಗಿತ್ತು.